ಉಪ್ಪುಕೆಸರಿನಲ್ಲಿ ಮೂರನೇ ಸ್ಥಾನ

ಸೈಕಲ್ ಕಲಿತಾಗ ನನಗೆ ಮೂವತ್ತೆಂಟು ವರ್ಷ. ಕಲಿಸಿದವರು ದುಬೈಯ ಮಿರ್ದಿಫ್‌ನಲ್ಲಿ ನಮ್ಮ ಎದುರಿನ ಕಟ್ಟಡದಲ್ಲಿದ್ದ ಉಡುಪಿ ಕಡೆಯ ಒಬ್ಬ ಹೆಂಗಸು. ನನಗಿಂತ ಏಳು ವರ್ಷ ದೊಡ್ಡವರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಈಗಲೂ ಹಾಗೇ ಕರೆಯುತ್ತೇನೆ. ಅವರು ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದರು. ಎಳೆಮಗುವಾಗಲಿ, ನರವೇ ಕಾಣದ ಮುದುಕರಾಗಲಿ, ಅವರು ಒಂದೇ ಸಲಕ್ಕೆ ಸೂಜಿ ಹಾಕುತ್ತಾರೆ ಎಂದು ಅಲ್ಲಿ ಹೆಸರಿತ್ತು.

ನಾನು ಮೈಸೂರಿನವಳು. ಸಿಲಿಕಾನ್ ಓಯಸಿಸ್‌ನ ಒಂದು ಆಫೀಸಿನಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ದಿನಕ್ಕೆ ಒಂಬತ್ತು ಗಂಟೆ ಕೂತು ಬೆನ್ನು ಹಿಡಿದುಕೊಂಡಾಗ ಡಾಕ್ಟರು ಏನಾದರೂ ವ್ಯಾಯಾಮ ಮಾಡಿ ಎಂದರು. ಅಕ್ಕನ ಹತ್ತಿರ ಹೇಳಿದೆ. ಮರುದಿನ ಬೆಳಿಗ್ಗೆಯೇ ಅವರು ಪಾರ್ಕಿನ ಪಕ್ಕದ ರಸ್ತೆಗೆ ತಮ್ಮ ಹಳೇ ಸೈಕಲ್ ತಂದು ನಿಲ್ಲಿಸಿದ್ದರು. ಒಂದು ತಿಂಗಳು ಸೀಟು ಹಿಡಿದುಕೊಂಡು ನನ್ನ ಹಿಂದೆ ಓಡಿದರು. ಸ್ಕೂಲಿಗೆ ಹೋಗುವ ಮಕ್ಕಳು ಬಸ್ಸಿನ ಕಿಟಕಿಯಿಂದ ನೋಡಿ ನಗುತ್ತಿದ್ದರು. ಅಕ್ಕ ಅವರಿಗೆ ಕೈ ಬೀಸುತ್ತಿದ್ದರು.

ಆರು ವರ್ಷ ಹೀಗೇ ನಡೆಯಿತು. ಪ್ರತಿ ಶನಿವಾರ ಬೆಳಿಗ್ಗೆ ನಾವಿಬ್ಬರೂ, ಜೊತೆಗೆ ಇನ್ನೂ ನಾಲ್ಕೈದು ಜನ ಹೆಂಗಸರು, ಮರುಭೂಮಿಯ ಕಡೆಯ ಸೈಕಲ್ ದಾರಿಗೆ ಹೋಗುತ್ತಿದ್ದೆವು. ಆಮೇಲೆ ಒಂದು ಸಲ ಗುಂಪಿನಲ್ಲಿ ಮೆಸೇಜ್ ಬಂತು. ಅಬುಧಾಬಿ ಕಡೆಯ ಮದೀನತ್ ಜಾಯೆದ್ ಊರಿನ ಆಚೆ ಒಂದು ರೇಸ್ ಇದೆ, ಸೈಕ್ಲೋಕ್ರಾಸ್ ಅಂತೆ, ಹವ್ಯಾಸಿ ಹೆಂಗಸರಿಗೆ ಬೇರೆ ಸ್ಪರ್ಧೆ ಇದೆ ಎಂದು.

"ಹಾಗಂದ್ರೇನಕ್ಕ?" ಎಂದು ಕೇಳಿದೆ.

"ಅರ್ಧ ದಾರಿ ಸೈಕಲ್ ನಮ್ಮನ್ನು ಹೊರುದು, ಉಳಿದರ್ಧ ನಾವು ಸೈಕಲನ್ನು ಹೊರುದು. ಅಷ್ಟೇ ಮಾರಾಯ್ತಿ."

ಅವರು ಹೇಳಿದ್ದು ಸರಿಯಾಗಿತ್ತು. ಮರಳು, ಕೆಸರು, ಹುಲ್ಲು, ಅಡ್ಡ ಇಟ್ಟ ಹಲಗೆ, ಎಲ್ಲ ಇರುವ ಸಣ್ಣ ಸುತ್ತು. ತುಳಿಯಲು ಆಗದ ಕಡೆ ಇಳಿದು, ಸೈಕಲನ್ನು ಹೆಗಲಿಗೆ ಹಾಕಿಕೊಂಡು ಓಡಬೇಕು, ಮತ್ತೆ ಹತ್ತಬೇಕು. ಎರಡು ತಿಂಗಳು ಅಭ್ಯಾಸ ಮಾಡಿದೆವು. ನನ್ನ ಬಲ ಹೆಗಲು ನೀಲಿಗಟ್ಟಿತ್ತು. ಮಗಳು ನೋಡಿ, "ಅಮ್ಮಾ, ವೈ ಆರ್ ಯೂ ಡೂಯಿಂಗ್ ದಿಸ್?" ಎಂದು ಕೇಳಿದಳು. ಸುಮ್ಮನೆ, ಎಂದೆ. ಆದರೆ ಸುಮ್ಮನೆ ಆಗಿರಲಿಲ್ಲ. ನಾನು ಶಾಲೆಯಲ್ಲಿ ಓಟಕ್ಕೂ ನಿಂತವಳಲ್ಲ. ಯಾವುದರಲ್ಲೂ ಮೊದಲ ಸಾಲಿನಲ್ಲಿದ್ದವಳಲ್ಲ. ನಲವತ್ತು ದಾಟಿದ ಮೇಲೆ ಗೆಲ್ಲಬೇಕು ಎನ್ನುವ ಆಸೆ ಹೀಗೆ ಹುಟ್ಟುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಅಕ್ಕನ ಹತ್ತಿರವೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ನವೆಂಬರ್ ಮುಗಿಯುತ್ತಾ ಬಂದಿತ್ತು. ರೇಸಿನ ಹಿಂದಿನ ಎರಡು ದಿನ ಮಳೆ ಬಿದ್ದು, ಆವತ್ತು ಬೆಳಿಗ್ಗೆ ಶಮಾಲ್ ಎನ್ನುವ ಉತ್ತರದ ಗಾಳಿ ಬೀಸುತ್ತಿತ್ತು. ಕಾರಿನ ಮೀಟರು ಹದಿಮೂರು ಡಿಗ್ರಿ ತೋರಿಸಿತು. ಅಲ್ಲಿನ ಬಿಸಿಲಿಗೆ ಒಗ್ಗಿದ ಮೈಗೆ ಅದು ಕೊರೆಯುವ ಚಳಿಯೇ. ನಾನು ಎರಡು ಜೊತೆ ಸಾಕ್ಸ್ ಹಾಕಿದ್ದೆ. ಅಕ್ಕ ಫ್ಲಾಸ್ಕಿನಲ್ಲಿ ಕಷಾಯ ತಂದಿದ್ದರು. ಸಾಲಿನಲ್ಲಿ ನಿಲ್ಲುವ ಮೊದಲು ಒಂದೇ ಮುಚ್ಚಳದಲ್ಲಿ ಇಬ್ಬರೂ ಕುಡಿದೆವು.

ಒಂಬತ್ತು ಜನ ಇದ್ದೆವು. ಇಬ್ಬರು ಇಂಗ್ಲಿಷ್ ಟೀಚರುಗಳು ಶುರುವಿನಲ್ಲೇ ಕಣ್ಣಿಗೆ ಕಾಣದಷ್ಟು ಮುಂದೆ ಹೋದರು. ಮೂರನೆಯವರು ಅಕ್ಕ. ನಾನು ಅವರಿಗಿಂತ ಹತ್ತು ಹದಿನೈದು ಸೆಕೆಂಡು ಹಿಂದೆ. ನನ್ನ ಹಿಂದೆ ಆ ದೇಶದವಳೇ ಆದ ಒಬ್ಬಳು ಇಮಾರಾತಿ ಹುಡುಗಿ. ಹೆಲ್ಮೆಟಿನ ಕೆಳಗೆ ಕಪ್ಪು ಹಿಜಾಬ್, ಉದ್ದ ತೋಳಿನ ಅಂಗಿ. ನಾಲ್ಕು ಸುತ್ತು ಮುಗಿಸಬೇಕಿತ್ತು.

ಸುತ್ತಿನ ಅತಿ ಕಷ್ಟದ ಜಾಗ ಒಂದು ಮರಳದಿಬ್ಬ. ಸೈಕಲ್ ಹೊತ್ತು ಅದನ್ನು ಹತ್ತಿ, ಆಚೆ ಬದಿಯಲ್ಲಿ ಸೈಕಲ್ ಮೇಲೆ ಕೂತು ಇಳಿಯಬೇಕು. ಇಳಿದ ತಕ್ಷಣ ಉಪ್ಪುನೆಲ. ಒಣಗಿದ್ದಾಗ ಕಾಂಕ್ರೀಟಿನ ಹಾಗಿರುವ ಆ ನೆಲ ಮಳೆಗೆ ಮೆತ್ತಗಾಗಿ, ಮೇಲೆ ಬಿಳಿ ಪದರ, ಕೆಳಗೆ ಬೂದು ಕೆಸರು ಆಗಿತ್ತು. ಮೊದಲ ಮೂರು ಸುತ್ತಿನಲ್ಲಿ ಎಲ್ಲರೂ ಹೇಗೋ ದಾಟಿದೆವು. ಪ್ರತಿ ಸಲವೂ ಅದು ಇನ್ನಷ್ಟು ಕಲಸಿಹೋಯಿತು. ಚಕ್ರಕ್ಕೆ ಮೆತ್ತಿಕೊಂಡ ಮಣ್ಣನ್ನು ಬೆರಳಿನಿಂದ ಕೆರೆದು ಕಿತ್ತು ಮುಂದೆ ಹೋಗಬೇಕಾಯಿತು.

ಕೊನೆಯ ಸುತ್ತಿನಲ್ಲಿ ನಾನು ದಿಬ್ಬದ ತುದಿಗೆ ಬಂದಾಗ ಅಕ್ಕ ಕೆಳಗೆ ಇಳಿಯುತ್ತಿದ್ದರು. ಮುಂದಿನ ಚಕ್ರ ಬಿಳಿ ಪದರ ಒಡೆದು ಒಳಗೆ ಹೂತುಕೊಂಡಿತು. ಹಿಂದಿನ ಚಕ್ರ ಮೇಲೆದ್ದು ಅವರು ಹ್ಯಾಂಡಲಿನ ಮೇಲಿಂದ ಮುಂದಕ್ಕೆ ಬಿದ್ದರು. ಬಲಗೈ ಊರಿದ್ದು ಕಂಡಿತು. ನಾನೂ ಆಗಲೇ ಇಳಿಯಲು ಶುರುಮಾಡಿದ್ದೆ. ಅವರ ಪಕ್ಕಕ್ಕೆ ಎರಡು ಮಾರು ಬಿಟ್ಟು, ಗಟ್ಟಿ ನೆಲ ಹುಡುಕಿಕೊಂಡು ನನ್ನ ಸೈಕಲ್ ದಾಟಿತು. ಅವರು ಕೂತಿದ್ದರು. ಮಣಿಕಟ್ಟು ಇರಬಾರದ ಕಡೆಗೆ ತಿರುಗಿತ್ತು. ಮುಖವೆಲ್ಲ ಕೆಸರು. ನನ್ನನ್ನು ನೋಡಿ, ಕೂಗದೆ, ಮಾಮೂಲಿ ದನಿಯಲ್ಲಿ, "ಒಂತೆ ಉಂತು" ಎಂದರು.

ನಾನು ನಿಲ್ಲಲಿಲ್ಲ.

ಎದ್ದು ಬರುತ್ತಾರೆ ಅಂದುಕೊಂಡೆ ಎಂದು ಹೇಳಿಕೊಳ್ಳಬಹುದಿತ್ತು. ಹಾಗೆ ಅಂದುಕೊಂಡಿರಲಿಲ್ಲ. ಆ ಕೈಯನ್ನು ನಾನು ನೋಡಿದ್ದೆ. ಆ ಹೊತ್ತಿನಲ್ಲಿ ನನ್ನ ತಲೆಗೆ ಬಂದದ್ದು ಒಂದೇ ಮಾತು: ಈಗ ಮೂರನೆಯವಳು ನಾನು. ಅರ್ಧ ಸುತ್ತು ಬಾಕಿ ಇತ್ತು. ಹಲಗೆಗಳನ್ನು ಹಾರಿದೆ, ಹುಲ್ಲಿನ ತಿರುವು ದಾಟಿದೆ. ಯಾರೋ ಮೈಕಿನಲ್ಲಿ ಯಲ್ಲಾ, ಯಲ್ಲಾ ಎಂದು ಹುರಿದುಂಬಿಸುತ್ತಿದ್ದರು. ಗೆರೆ ದಾಟಿದ ಮೇಲೆ ಕೊರಳಿಗೆ ಒಂದು ಪದಕ ಹಾಕಿದರು. ಅದರ ಪಟ್ಟಿ ತಣ್ಣಗಿತ್ತು, ಅದು ನೆನಪಿದೆ.

ತಿರುಗಿ ನೋಡಿದಾಗ ಹಿಂದೆ ಬರಬೇಕಾಗಿದ್ದ ಇಮಾರಾತಿ ಹುಡುಗಿ ಬಂದಿರಲಿಲ್ಲ. ಅವಳ ಹಿಂದಿನವರು ಬಂದರು, ಅವರ ಹಿಂದಿನವರೂ ಬಂದರು. ಆಮೇಲೆ ಆಂಬುಲೆನ್ಸ್ ದಿಬ್ಬದ ಕಡೆ ಹೋಯಿತು. ನಾನು ಓಡಿಹೋದೆ. ಆ ಹುಡುಗಿ ಕೆಸರಿನಲ್ಲಿ ಮಂಡಿಯೂರಿ ಕೂತು, ಅಕ್ಕನ ತಲೆಯನ್ನು ತನ್ನ ತೊಡೆಗೆ ಆನಿಸಿಕೊಂಡಿದ್ದಳು. ತನ್ನ ಜಾಕೆಟ್ ತೆಗೆದು ಅವರಿಗೆ ಹೊದಿಸಿ, ಅವಳೇ ನಡುಗುತ್ತಿದ್ದಳು. ನನ್ನ ಕೊರಳನ್ನು ನೋಡಿದಳು. ನಾನು ಪದಕವನ್ನು ಜೆರ್ಸಿಯ ಒಳಗೆ ತುರುಕಿದೆ.

ಆ ಊರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಮಣಿಕಟ್ಟಿನ ಎರಡು ಮೂಳೆ ಮುರಿದಿತ್ತು, ಆಪರೇಷನ್ ಬೇಕು ಎಂದರು. ಅಕ್ಕನ ಗಂಡನಿಗೆ ಫೋನ್ ಮಾಡಿದೆ. ಅವರು ದುಬೈಯಿಂದ ಮೂರು ಗಂಟೆ ಕಾರು ಓಡಿಸಿಕೊಂಡು ಬಂದರು. ಮೆದು ಮಾತಿನ ಮನುಷ್ಯ. ಹಾಸಿಗೆಯ ಪಕ್ಕ ನಿಂತು, ಹೇಗೆ ಬಿದ್ದದ್ದು, ಎಲ್ಲಿ ಬಿದ್ದದ್ದು ಎಂದು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀವು ಹಿಂದೆಯೇ ಇದ್ದದ್ದಲ್ವಾ? ನೋಡ್ಲಿಲ್ವಾ?"

"ನೋಡಿದೆ. ಏನೋ ಅಂದ್ರು. ತುಳುವಲ್ಲಿ ಅಂದ್ರು, ನನಗೆ ಗೊತ್ತಾಗ್ಲಿಲ್ಲ. ಹೋಗು ಅಂದ್ರೇನೋ ಅಂದ್ಕೊಂಡೆ."

ಇದು ಸುಳ್ಳು. ನಿಲ್ಲು ಎನ್ನುವುದಕ್ಕೆ ತುಳುವಿನಲ್ಲಿ ಏನೆನ್ನುತ್ತಾರೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಸೈಕಲ್ ಕಲಿಯುವಾಗ, ನಾನು ಬ್ರೇಕು ಮರೆತು ಹೋಗುತ್ತಿದ್ದಾಗ, ಅಕ್ಕ ಹಿಂದಿನಿಂದ ಉಂತು, ಉಂತು ಎಂದು ಕೂಗಿಕೊಂಡು ಓಡಿಬರುತ್ತಿದ್ದರು. ಗಾಬರಿಯಾದರೆ ಅವರಿಗೆ ಕನ್ನಡ ಬರುತ್ತಿರಲಿಲ್ಲ. ನಾನು ಕಲಿತ ಮೊದಲ ತುಳು ಮಾತೇ ಅದು.

ಅಕ್ಕ ಮಂಚದ ಮೇಲೆ ಮಲಗಿ ಚಾವಣಿ ನೋಡುತ್ತಿದ್ದರು. "ಹೌದು," ಎಂದರು. "ನೋವಲ್ಲಿ ತುಳುವೇ ಬರುದು. ಅವಳಿಗೆ ಹೇಗೆ ಅರ್ಥ ಆಗ್ತದೆ."

ಗಂಡ ತಲೆಯಾಡಿಸಿದರು. ಪಾಪ ನೀವೂ ಹೆದರಿದ್ದೀರಿ, ಚಾ ಕುಡಿಯಿರಿ ಎಂದು ನನಗೆ ಕಪ್ಪು ತಂದುಕೊಟ್ಟರು.

ಮನೆಗೆ ಬಂದಾಗ ಮಗಳು ಪದಕದ ಫೋಟೊ ತೆಗೆದು ನೆಂಟರ ಗುಂಪಿಗೆ ಹಾಕಿದಳು. ಬೇಡ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು. ಮೈಸೂರಿನಿಂದ ಅಮ್ಮ, ಅಣ್ಣ, ಅತ್ತಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿದರು. ಎಲ್ಲರಿಗೂ ಥ್ಯಾಂಕ್ಸ್ ಎಂದೆ.

ಅಕ್ಕನ ಕೈಗೆ ಪ್ಲೇಟು ಹಾಕಿದರು. ಮೂರು ತಿಂಗಳು ರಜೆ. ಗಂಡ ಬೆಳಿಗ್ಗೆ ಆರೂವರೆಗೇ ಕೆಲಸಕ್ಕೆ ಹೊರಡಬೇಕು, ಮಗ ಬೇರೆ ದೇಶದಲ್ಲಿ ಓದುತ್ತಿದ್ದಾನೆ. ನಾನು ಆಫೀಸಿಗೆ ಹೋಗುವ ಮೊದಲು ದಿನಾ ಅವರ ಮನೆಗೆ ಹೋದೆ. ತರಕಾರಿ ಹೆಚ್ಚಿಡುತ್ತಿದ್ದೆ, ಬಟ್ಟೆ ಒಣಹಾಕುತ್ತಿದ್ದೆ, ಕೊನೆಗೆ ಅವರ ತಲೆ ಬಾಚುತ್ತಿದ್ದೆ. ಅವರದ್ದು ಸೊಂಟದವರೆಗಿನ ಕೂದಲು, ಒಂದು ಕೈಯಲ್ಲಿ ಜಡೆ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಅವರು ಬಾಲ್ಕನಿಯ ಬಾಗಿಲ ಹತ್ತಿರ ಬೆತ್ತದ ಮೋಡಾದ ಮೇಲೆ ಕೂರುತ್ತಿದ್ದರು, ನಾನು ಹಿಂದೆ ನಿಲ್ಲುತ್ತಿದ್ದೆ. ವಿಮಾನಗಳು ತಗ್ಗಿನಲ್ಲಿ ಹೋಗುವಾಗ ಮಾತು ನಿಲ್ಲಿಸುತ್ತಿದ್ದೆವು. ಹಿಂದೆ ಅವರೇ ಹೆಚ್ಚು ಮಾತಾಡುತ್ತಿದ್ದದ್ದು. ಈಗ ನಾನು ಮಾತಾಡುತ್ತಿದ್ದೆ, ಅವರು ಹ್ಞೂಂ ಎನ್ನುತ್ತಿದ್ದರು.

ಐದನೆಯ ವಾರವೋ ಆರನೆಯದೋ ಇರಬೇಕು. ಹಿಂದಿನ ದಿನ ಅವರು ಕ್ಲಿನಿಕ್ಕಿಗೆ ಹೋಗಿಬಂದಿದ್ದರು. ಕೈ ಮೊದಲಿನ ಹಾಗೆ ಆಗುವುದು ಅನುಮಾನ, ಸೂಜಿಯ ಕೆಲಸ ಬೇಡ, ರಿಸೆಪ್ಷನ್ನಿಗೆ ಹಾಕುತ್ತೇವೆ ಎಂದು ಅಲ್ಲಿ ಹೇಳಿದ್ದರಂತೆ. ಅದನ್ನು ಅವರು ಯಾರದೋ ಸುದ್ದಿಯ ಹಾಗೆ ಹೇಳಿದರು. ನನ್ನ ಕೈಯಲ್ಲಿ ಬಾಚಣಿಗೆ ಇತ್ತು. ಅವರ ಮುಖ ಕಾಣುತ್ತಿರಲಿಲ್ಲ. ಕಂಡಿದ್ದರೆ ಬಹುಶಃ ಆವತ್ತೂ ಹೇಳುತ್ತಿರಲಿಲ್ಲ.

"ಅಕ್ಕ, ನೀವು ಅಂದಿದ್ದು ನನಗೆ ಅರ್ಥ ಆಗಿತ್ತು."

ಅವರು ಅಲುಗಾಡಲಿಲ್ಲ. "ಗೊತ್ತುಂಟು," ಎಂದರು.

"ಮತ್ತೆ ಆಸ್ಪತ್ರೆಯಲ್ಲಿ ಯಾಕೆ ಹಾಗಂದ್ರಿ?"

"ಇನ್ನೆಂತ ಹೇಳುದು? ಇದ್ದದ್ದು ಹೇಳಿದ್ರೆ ಇವರು ನಿನ್ನನ್ನು ಮನೆಯ ಒಳಗೆ ಬಿಡ್ತಿರ್ಲಿಲ್ಲ. ಮತ್ತೆ ನನ್ನ ತಲೆ ಯಾರು ಬಾಚುದು?"

ನಗೆಯಾಡುತ್ತಿದ್ದಾರೆ ಅಂದುಕೊಂಡೆ. ಅಲ್ಲ. ಅವರೇ ಮುಂದುವರಿಸಿದರು.

"ನೀನು ನಿಂತಿದ್ರೂ ಕೈ ಮುರಿದದ್ದು ಮುರಿದದ್ದೇ. ಅದು ನನಗೆ ಗೊತ್ತಿಲ್ವಾ? ಆ ಹುಡುಗಿ ಬರುವವರೆಗೆ ಒಬ್ಬಳೇ ಕೂತಿದ್ದೆ ನೋಡು, ಒಂದು ನಿಮಿಷವೋ ಅರ್ಧ ನಿಮಿಷವೋ. ನೀನು ಹೋಗುದು ಕಾಣ್ತಾ ಇತ್ತು. ನಿನ್ನ ಬೆನ್ನು. ಅದೊಂದು ನನಗೆ ಮರೀಲಿಕ್ಕೆ ಆಗುದಿಲ್ಲ."

ನಾನು ಅಳಲು ಶುರುಮಾಡಿದೆ. ಅವರು ಸಮಾಧಾನ ಮಾಡಲಿಲ್ಲ.

"ಸಿಟ್ಟು ಉಂಟು ನನಗೆ," ಎಂದರು. "ಅದು ಹೋಗ್ಲಿಕ್ಕೆ ಎಷ್ಟು ಸಮಯ ಬೇಕೋ ಗೊತ್ತಿಲ್ಲ. ಹೋಗ್ತದೋ ಇಲ್ವೋ. ನೀನು ಬರುದು ಮಾತ್ರ ನಿಲ್ಲಿಸಬೇಡ. ಈಗ ಜಡೆ ಮುಗಿಸು, ನಿನಗೆ ಆಫೀಸಿಗೆ ಹೊತ್ತಾಯ್ತು."

ಜಡೆ ಮುಗಿಸಿದೆ. ಸರಿಯಾಗಿ ಬಂದಿರಲಿಲ್ಲ. ಅವರು ಎಡಗೈಯಲ್ಲಿ ಮುಟ್ಟಿ ನೋಡಿ, ಸಾಕು ಬಿಡು ಎಂದರು.

ನಾನು ಹೋಗುವುದನ್ನು ನಿಲ್ಲಿಸಲಿಲ್ಲ. ಕೆಲವು ದಿನ ಅವರು ಬಾಗಿಲು ತೆಗೆದು ಒಳಗೆ ನಡೆದುಬಿಡುತ್ತಿದ್ದರು, ಒಂದು ಮಾತೂ ಇಲ್ಲ. ಕೆಲವು ದಿನ ಚಾ ಮಾಡಿಟ್ಟಿರುತ್ತಿದ್ದರು. ಯಾವ ದಿನ ಹೇಗಿರುತ್ತದೆಂದು ಲಿಫ್ಟಿನಲ್ಲಿ ಹೋಗುವಾಗ ಗೊತ್ತಾಗುತ್ತಿರಲಿಲ್ಲ. ಆ ಇಮಾರಾತಿ ಹುಡುಗಿಯ ನಂಬರು ಹುಡುಕಿ, ಅವಳ ಜಾಕೆಟನ್ನು ಡ್ರೈಕ್ಲೀನ್ ಮಾಡಿಸಿ ವಾಪಸು ಕೊಟ್ಟುಬಂದೆ. ಅವಳು ಬಾಗಿಲಲ್ಲೇ ನಿಂತು, "ನಿಮ್ಮ ಫ್ರೆಂಡ್ ಹೇಗಿದ್ದಾರೆ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಪರವಾಗಿಲ್ಲ ಎಂದೆ. ಅವಳ ಸ್ಥಾನ ಎಷ್ಟನೆಯದೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೊನೆಯದೆಂದು ನನಗೆ ಗೊತ್ತಿತ್ತು.

ಮುಂದಿನ ಚಳಿಗಾಲಕ್ಕೆ ಅಕ್ಕ ಮತ್ತೆ ಸೈಕಲ್ ಹತ್ತಿದರು. ಸಪಾಟಾದ ದಾರಿಯಲ್ಲಿ ಮಾತ್ರ, ಬಲಗೈಗೆ ಪಟ್ಟಿ ಕಟ್ಟಿಕೊಂಡು. ನಾನು ರೇಸಿಗೆ ಹೋಗುವುದನ್ನು ಬಿಟ್ಟೆ. ಅವರು ಬಿಡು ಎಂದೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಈಗಲೂ ಶನಿವಾರ ಜೊತೆಯಲ್ಲೇ ಹೋಗುತ್ತೇವೆ. ಹಿಂದಿನಷ್ಟು ಮಾತಿಲ್ಲ. ಇರುವ ಮಾತಿನಲ್ಲಿ ಮುಚ್ಚುಮರೆ ಇಲ್ಲ. ಅವರ ಸಿಟ್ಟು ಹೋಯಿತೇ ಎಂದು ನಾನು ಕೇಳಿಲ್ಲ.

ಈ ಸಲದ ಚೌತಿಗೆ ಅವರ ಮನೆಯಲ್ಲಿ ಊಟವಿತ್ತು. ಹತ್ತು ಹನ್ನೆರಡು ಜನ ಹಾಲಿನಲ್ಲಿ ನೆಲದ ಮೇಲೆ ಎಲೆ ಹಾಕಿಕೊಂಡು ಕೂತಿದ್ದೆವು. ಹೊಸದಾಗಿ ಬಂದ ಒಬ್ಬರಿಗೆ ಅಕ್ಕನ ಗಂಡ ನನ್ನ ಪರಿಚಯ ಹೇಳಿದರು.

"ಇವರು ನಮ್ಮ ಮನೆಯವರೇ ಅಂತ ಲೆಕ್ಕ. ಇವಳ ಕೈ ಮುರಿದಾಗ ಮೂರು ತಿಂಗಳು ಒಂದು ದಿನವೂ ತಪ್ಪಿಸದೆ ಬಂದಿದ್ದಾರೆ. ಒಡಹುಟ್ಟಿದವರೂ ಅಷ್ಟು ಮಾಡುದಿಲ್ಲ."

ನಾನು ಎಲೆ ನೋಡುತ್ತಾ ಕೂತೆ. ಅವರಿಗೆ ಹೇಳಬೇಕು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಒಮ್ಮೆ ಅಕ್ಕನನ್ನೇ ಕೇಳಿದ್ದೆ, ಹೇಳಲೇ ಎಂದು. ನಿನ್ನ ಭಾರ ಇಳಿಸ್ಲಿಕ್ಕೆ ಅವರ ತಲೆಗೆ ಹೊರಿಸಬೇಡ ಎಂದಿದ್ದರು.

ಅಕ್ಕ ಒಳಗಿನಿಂದ ಸಾಂಬಾರಿನ ಪಾತ್ರೆ ಹಿಡಿದು ಬಂದರು. ನನ್ನ ಹತ್ತಿರ ಬಂದಾಗ ನಿಂತರು.

"ಇದು ಭಾರ ಉಂಟು, ನನಗೆ ಹಿಡೀಲಿಕ್ಕೆ ಆಗುದಿಲ್ಲ. ನೀನು ಬಡಿಸು."

ಎದ್ದು ಕೈ ತೊಳೆದು ಬಂದು ಪಾತ್ರೆ ತೆಗೆದುಕೊಂಡೆ. ಸಾಲಿನಲ್ಲಿ ಮೊದಲು ಕೂತಿದ್ದವರು ಅವರ ಗಂಡ. ಅವರ ಎಲೆಗೆ ಬಡಿಸಿದೆ. ಸಾಕು, ಸಾಕು ಎಂದು ಅವರು ಕೈ ಅಡ್ಡ ಹಿಡಿದರು. ನಾನು ಮುಂದಿನ ಎಲೆಗೆ ಹೋದೆ.