ರುಕ್ಮಿಣಿ ಅಕ್ಕೋರ ಹೊಂಡ

ಮಳೆ ಸುರಿಯತೊಡಗಿದರೆ ಎಲ್ಲರೂ ಆಕಾಶ ನೋಡುತ್ತಾರೆ. ರುಕ್ಮಿಣಿ ಅಕ್ಕೋರು ನೆಲ ನೋಡುತ್ತಿದ್ದರು. ಪಾಠ ಅರ್ಧಕ್ಕೇ ನಿಲ್ಲಿಸಿ, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕೊಡೆ ಹಿಡಿದು ಶಾಲೆಯ ಅಂಗಳಕ್ಕೆ ಇಳಿದುಬಿಡುವರು. ನೀರು ಎಲ್ಲಿಂದ ಬಂತು, ಎಲ್ಲಿ ತಿರುಗಿತು ಎಂದು ಅದರ ಬೆನ್ನು ಹಿಡಿದು ನಡೆಯುವರು. ಕಿಟಕಿಯಲ್ಲಿ ಮಕ್ಕಳು ಮುಸಿಮುಸಿ ನಗುತ್ತಿದ್ದರು. ನಗು ಅವರಿಗೆ ಕೇಳಿಸುತ್ತಿತ್ತು, ಆದರೆ ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಐವತ್ತರ ದಶಕದ ಕೊನೆಗೆ ನಾನೂ ಅಕ್ಕೋರಾಗಿ ಹೊನ್ನಾವರದ ಶಾಲೆಗೆ ಸೇರಿದಾಗ ಅವರು ಅಲ್ಲಿ ಮುಖ್ಯ ಅಕ್ಕೋರು. ಹುಟ್ಟೂರು ಕಾಯ್ಕಿಣಿ. ಎಳೆಯ ವಯಸ್ಸಿನಲ್ಲೇ ಗಂಡ ತೀರಿಕೊಂಡ ಮೇಲೆ ಓದಿ, ಶಾಲೆ ಸೇರಿದವರು. ಗಟ್ಟಿ ಗಂಟಲು, ಮೊಂಡು ಸ್ವಭಾವ. ಯಾರ ಮನೆಗೆ ಹೋದರೂ ಚಹಾ ಬೇಡ, ಮೊದಲು ಬಾವಿಯ ನೀರು ಕೊಡಿ ಎನ್ನುವರು. ಒಂದು ಗುಟುಕು ಬಾಯಲ್ಲಿಟ್ಟುಕೊಂಡು, ಮನೆಯ ಯಜಮಾನಿಯ ಮುಖ ನೋಡುತ್ತ ನುಂಗುವರು. ಇದರಿಂದ ಕೆಲವರಿಗೆ ಬೇಸರವೂ ಆಗುತ್ತಿತ್ತು.

ನಾನು ಬಾಡಿಗೆಗಿದ್ದದ್ದು ಶಾಲೆಯಿಂದ ಇಳಿಜಾರಿನಲ್ಲಿದ್ದ ಕೆಳಗಿನ ಕೇರಿಯಲ್ಲಿ. ಅದು ಮೀನುಗಾರರ ಕೇರಿ. ಶರಾವತಿ ಕಡಲು ಸೇರುವ ಅಳಿವೆ ಹತ್ತಿರ. ಯುಗಾದಿ ಕಳೆಯುತ್ತಲೇ ಬಾವಿಗಳಿಗೆ ಉಪ್ಪು ಹತ್ತುತ್ತಿತ್ತು. ಅನ್ನ ಬೇಯದು, ಬಟ್ಟೆಗೆ ಸಾಬೂನು ನೊರೆ ಬಾರದು. ಹೆಂಗಸರು ಕೊಡ ಹೊತ್ತು ಮೇಲಿನ ಮನೆಗಳ ಬಾವಿಗೆ ಹೋಗಿ, ಅಲ್ಲಿಯವರ ಮುಖ ಸಿಂಡರಿಸಿದ್ದನ್ನು ಕಂಡೂ ಕಾಣದಂತೆ ನೀರು ಸೇದಿಕೊಂಡು ಬರಬೇಕಿತ್ತು.

ಶಾಲೆಯ ಹಿಂದೆ ಮನೆ ಕಟ್ಟುವ ಚಿರೆಕಲ್ಲು ಕಡಿದು ತೆಗೆದು ಬಿಟ್ಟ ದೊಡ್ಡ ಹೊಂಡವೊಂದಿತ್ತು. ಮಳೆಗಾಲದಲ್ಲಿ ಮೇಲಿನ ರಸ್ತೆಯ ನೀರೆಲ್ಲ ಗಟಾರ ಹಿಡಿದು, ಆ ಹೊಂಡದ ಪಕ್ಕದಿಂದಲೇ ನದಿಗೆ ಓಡುತ್ತಿತ್ತು. ಗಟಾರದಿಂದ ಹೊಂಡಕ್ಕೊಂದು ಕಾಲುವೆ ಕಡಿದರೆ ಸಾಕು, ನೀರು ಇಂಗಿ ಕೇರಿಯ ಬಾವಿಗಳ ಉಪ್ಪು ಇಳಿಯುತ್ತದೆ ಎಂದು ಅಕ್ಕೋರು ಹಟ ಹಿಡಿದರು. ಕಾಯ್ಕಿಣಿಯಲ್ಲಿ ಗುಡ್ಡದ ನೀರು ನಿಲ್ಲುವ ಮದಗ ತುಂಬಿದರೆ ಅದರ ಕೆಳಗಿನ ಬಾವಿಗಳು ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲವಂತೆ.

ಕೇರಿಯಲ್ಲಿ ಮೊದಲು ಅಡ್ಡ ಮಾತಾಡಿದವಳು ದೇವಿ. ಮೀನು ಮಾರುವವಳು, ಮಾತಿಗೆ ಯಾರಿಗೂ ಸೋಲದವಳು.

"ಅಲ್ಲ ಅಕ್ಕೋರೆ, ಮೇಲೆ ಹೊಂಡದಲ್ಲಿ ನೀರು ನಿಂತ್ರೆ ಕೆಳಗೆ ನಮ್ಮ ಬಾವಿಗೆ ಎಂತ ಆತದೆ? ಸೊಳ್ಳೆ ಆತದೆ, ಅಷ್ಟೆಯ."

"ಮನೆಗೆ ಬಂದವ್ರಿಗೆ ಕೂತ್ಕೊ ಹೇಳೂದಿಲ್ವೇನೆ ನೀನು?" ಎಂದರು ಅಕ್ಕೋರು. "ಮಳೆಗೂ ಹೇಳ್ಬೇಕು. ಕೂತ್ರೆ ತಾನೇ ಅದು ಎಂತಾದ್ರೂ ಕೊಟ್ಟು ಹೋಗೂದು?"

ದೇವಿ ನಕ್ಕುಬಿಟ್ಟಳು. ಮರುವಾರ ಅವಳೇ ನಾಲ್ಕಾರು ಹೆಂಗಸರನ್ನು ಕರೆತಂದಳು. ಗಂಡಸರು ಗುದ್ದಲಿ ಹಿಡಿದರು, ಹೆಂಗಸರು ಬುಟ್ಟಿಯಲ್ಲಿ ಮಣ್ಣು ಹೊತ್ತರು. ಹೊಂಡದ ಸುತ್ತ ಮಕ್ಕಳು ದಾಟದಂತೆ ಬೇಲಿ ಬಂತು. ಆ ಮಳೆಗಾಲ ಹೊಂಡ ತುಂಬುವುದು, ಮಳೆ ಬಿಟ್ಟರೆ ಇಂಗುವುದು, ಮತ್ತೆ ತುಂಬುವುದು. ಮೊದಲ ಬೇಸಿಗೆಯಲ್ಲಿ ಹೆಚ್ಚು ವ್ಯತ್ಯಾಸ ತಿಳಿಯಲಿಲ್ಲ. ಎರಡನೆಯ ಬೇಸಿಗೆಯಲ್ಲಿ ದೇವಿ ಚೊಂಬು ಹಿಡಿದು ಶಾಲೆಗೇ ಬಂದಳು.

"ಬಾಯಿಗೆ ಹಾಕಿ ನೋಡಿ ಅಕ್ಕೋರೆ."

ಅಕ್ಕೋರು ದೇವಿಯ ಮುಖ ನೋಡುತ್ತ ನುಂಗಿ ಹೇಳಿದರು: "ಉಪ್ಪು ಪೂರಾ ಹೋಗ್ಲಿಲ್ಲ. ಅದ್ರ ಸಿಟ್ಟು ಹೋಗ್ಯದೆ."

ಮುಂದಿನ ಕೆಲವು ವರ್ಷ ಕೇರಿಯ ಹೆಂಗಸರು ಬೇಸಿಗೆಯಲ್ಲಿ ಮೇಲಿನ ಮನೆಗಳ ಮೆಟ್ಟಿಲು ಹತ್ತಲಿಲ್ಲ. ದೇವಿಯ ಮಗಳು ಪಾರ್ವತಿ ಶಾಲೆಗೆ ಸೇರಿದ್ದು ಆಗಲೇ. ಹಾಡಿನಲ್ಲಿ ಅವಳೇ ಮುಂದು.

ಊರು ಬೆಳೆಯಿತು. ರಸ್ತೆಗೆ ಡಾಂಬರು ಬಂತು, ಬಸ್ಸುಗಳು ಹೆಚ್ಚಿದವು, ಶಾಲೆಯಿಂದ ಮೇಲೆ ಹೊಸ ಮನೆಗಳೆದ್ದವು. ಒಂದು ಲಾಡ್ಜೂ ಆಯಿತು. ಅದರ ಪಾಯಖಾನೆಯ ಹೊಲಸನ್ನು ಸದ್ದಿಲ್ಲದೆ ಗಟಾರಕ್ಕೆ ಬಿಟ್ಟಿದ್ದರು. ಗಟಾರದ ನೀರು ಎಂದಿನಂತೆ ನಮ್ಮ ಹೊಂಡಕ್ಕೇ ಬರುತ್ತಿತ್ತು.

ಆ ಮಳೆಗಾಲದ ಕೊನೆಗೆ ಕೇರಿಯಲ್ಲಿ ಜ್ವರ ಎದ್ದಿತು. ಕುಡಿಯುವ ನೀರು ಕೆಟ್ಟು ಬರುವ ವಿಷಮಶೀತ ಜ್ವರ ಎಂದರು ಡಾಕ್ಟರು. ಇಬ್ಬರು ಮುದುಕರು ಹೋದರು. ಪಾರ್ವತಿ ಬದುಕಿ ಎದ್ದಳು, ಆದರೆ ಕಿವಿ ಹೋಗಿತ್ತು. ತಾಯಿ ಹಿಂದಿನಿಂದ ಎಷ್ಟು ಕೂಗಿದರೂ ತಿರುಗದಿದ್ದಾಗಲೇ ಅದು ಗೊತ್ತಾದದ್ದು.

ಅಕ್ಕೋರು ಗಟಾರದ ಗುಂಟ ಮೇಲೆ ನಡೆದು, ಲಾಡ್ಜಿನ ಹಿಂಬದಿಯ ಕೊಳವೆ ಕಂಡು ಬಂದರು. ಊರಿನ ಹಿರಿಯರ ಬಳಿ ಹೋದರು. "ಊರು ಬೆಳೀವಾಗ ಇದೆಲ್ಲ ಇದ್ದದ್ದೇ ಅಕ್ಕೋರೆ, ನೋಡುವಾ" ಎಂದು ಚಹಾ ಕೊಟ್ಟು ಕಳಿಸಿದರು. ಅಕ್ಕೋರು ಅಲ್ಲಿಂದ ನೇರ ದೇವಿಯ ಅಂಗಳಕ್ಕೆ ಬಂದರು. ನಾನು ಜೊತೆಗಿದ್ದೆ.

"ದೇವಿ, ಅದು ನಾನು ಮಾಡಿದ ಕಾಲುವೆಯಿಂದ್ಲೇ ಬಂದದ್ದು."

ದೇವಿ ಒಣಮೀನು ತಿರುವುತ್ತಿದ್ದಳು. ತಲೆ ಎತ್ತಲಿಲ್ಲ. "ನೀವು ನೀರು ತಂದ್ರಿ. ಹೇಲು ನೀವು ತಂದ್ರಾ?"

"ದಾರಿ ನಾನು ಮಾಡಿಕೊಟ್ಟೆ."

"ಅಕ್ಕೋರೆ, ಸುಮ್ನಿರಿ. ನಾನು ಬೈಯೂದು ಬೇರೆಯವ್ರಿಗೆ, ನಿಮಗಲ್ಲ."

ಅದಾಗಿ ಎರಡು ದಿನಕ್ಕೆ ಅಕ್ಕೋರು ಕಾಲುವೆಯ ಬಾಯಿಗೆ ಕಲ್ಲು ಪೇರಿಸಿ, ಜೇಡಿಮಣ್ಣು ಮೆತ್ತಿಸಿದರು. ಕಡಿಯಲು ಬಂದವರೇ ಮುಚ್ಚಲೂ ಬಂದರು. ಆಗ ಅದೇ ಸರಿಯೆಂದು ಎಲ್ಲರಿಗೂ ಅನ್ನಿಸಿತ್ತು. ಜ್ವರ ನಿಂತಿತು. ಮರುವರ್ಷದ ಬೇಸಿಗೆಗೆ ಬಾವಿಗಳು ಮತ್ತೆ ಉಪ್ಪಾದವು. ಹೆಂಗಸರು ಕೊಡ ಹೊತ್ತು ಮೇಲಿನ ಮೆಟ್ಟಿಲು ಹತ್ತಿದರು.

ಅಕ್ಕೋರು ಆ ಮೇಲೆ ಮಳೆಯಲ್ಲಿ ಅಂಗಳಕ್ಕೆ ಇಳಿದದ್ದನ್ನು ನಾನು ಕಾಣಲಿಲ್ಲ. ಶಾಲೆ ಬಿಟ್ಟ ಮೇಲೆ ಪಾರ್ವತಿಯನ್ನು ಎದುರಿಗೆ ಕೂರಿಸಿಕೊಂಡು, ತುಟಿ ನೋಡಿ ಮಾತು ತಿಳಿಯುವುದನ್ನು ಕಲಿಸುತ್ತಿದ್ದರು. ಅವರಿಗೂ ಆ ವಿದ್ಯೆ ಗೊತ್ತಿರಲಿಲ್ಲ. ಇಬ್ಬರೂ ಕೂಡಿಯೇ ಕಲಿತರು. ತಿಳಿಯದ ಮಾತನ್ನು ಕರಿಹಲಗೆಯ ಮೇಲೆ ಬರೆದು ತೋರಿಸುವರು.

ನಿವೃತ್ತಿಯಾದ ಮೇಲೆ ಅವರು ಕುಮಟೆಯ ತಮ್ಮನ ಮನೆಗೆ ಹೋದರು. ಹಾಸಿಗೆ ಹಿಡಿದಿದ್ದಾರೆಂದು ಕೇಳಿ ನೋಡಲು ಹೋದೆ. ತೀರ ಇಳಿದುಹೋಗಿದ್ದರು. ಪಾರ್ವತಿ ಹೊಲಿಗೆ ಕಲಿತದ್ದನ್ನು ಹೇಳಿದಾಗ ಮುಖ ಅರಳಿತು. ಹೊಂಡವನ್ನು ಮಣ್ಣು ತುಂಬಿ ಮುಚ್ಚಿದ್ದಾರೆ, ಮೇಲೆ ಅಂಗಡಿಗಳಾಗುತ್ತವೆ ಎಂಬ ಸುದ್ದಿಯನ್ನೂ ಹೇಳಬೇಕಾಯಿತು.

ಅವರು ದಿಂಬಿಗೆ ಒರಗಿ ಎದ್ದು ಕೂತರು.

"ಕಾಲುವೆ ಮುಚ್ಚಿದ್ದು ತಪ್ಪಲ್ಲ ತಂಗಿ. ಅಷ್ಟಕ್ಕೇ ಬಿಟ್ಟದ್ದು ತಪ್ಪು. ಕೇರಿಯವ್ರನ್ನೆಲ್ಲ ಕರ್ಕೊಂಡು ಹೋಗಿ ಆ ಲಾಡ್ಜಿನ ಬಾಗಿಲಲ್ಲಿ ಕೂರಬೇಕಾಗಿತ್ತು. ನಂಗೆ ನಾಚಿಕೆ ಆಗಿತ್ತು. ಆ ನಾಚಿಕೆಯಲ್ಲಿ ಹೊಲಸು ಬಿಟ್ಟವ್ರನ್ನ ಬಿಟ್ಟು, ನೀರನ್ನ ಓಡಿಸ್ಬಿಟ್ಟೆ."

ಕಡೆಯ ಬಸ್ಸಿಗೆ ಹೊತ್ತಾಯಿತೆಂದು ಅವರೇ ಎಬ್ಬಿಸಿ ಕಳಿಸಿದರು.

ಅವರು ತೀರಿಕೊಂಡ ಸುದ್ದಿ ಕುಮಟೆಯಿಂದ ಬಂದ ದಿನ ಶಾಲೆಗೆ ರಜೆ ಕೊಟ್ಟೆವು. ದೇವಿ ಮೀನಿನ ಬುಟ್ಟಿಯನ್ನು ಹೊರಗಿಟ್ಟು ಒಳಗೆ ಬಂದಳು, ಹಿಂದೆಯೇ ಪಾರ್ವತಿ. ಮಕ್ಕಳೆಲ್ಲ ಏಕೆ ಮನೆಗೆ ಹೊರಟರೆಂದು ಅವಳು ನನ್ನ ಮುಖ ನೋಡಿದಳು. ಹೇಳಿದೆ. ನನ್ನ ತುಟಿ ನಡುಗುತ್ತಿದ್ದುದರಿಂದ ಅವಳಿಗೆ ತಿಳಿಯಲಿಲ್ಲ. ಮತ್ತೆ ಹೇಳಿದೆ. ಆಗಲೂ ತಿಳಿಯಲಿಲ್ಲ. ಕೊನೆಗೆ ಸೀಮೆಸುಣ್ಣ ತೆಗೆದುಕೊಂಡು ಕರಿಹಲಗೆಯ ಮೇಲೆ ಅಕ್ಕೋರ ಹೆಸರು ಬರೆದೆ. ಮುಂದಿನ ಮಾತು ಬರೆಯುವ ಮೊದಲೇ ಪಾರ್ವತಿ ನನ್ನ ಕೈ ಹಿಡಿದುಕೊಂಡಳು.