ಬಿಸಿಲು ಕಾಣದ ದೋಣಿ

ಹೂಡಿಯಲ್ಲಿ ಮೆಟ್ರೊ ಇಳಿದು ನಡೆಯುವಾಗ ಯಾರಾದರೂ ಫೈಬರ್ ಛಾವಣಿಗೆ ತೇಪೆ ಹಾಕುತ್ತಿದ್ದರೆ, ಆ ರೆಸಿನ್ ಅಂಟಿನ ಘಾಟಿಗೆ ನಿಂತುಬಿಡುತ್ತೇನೆ. ನಿಮಗೂ ಇಂಥ ಒಂದು ವಾಸನೆ ಇದ್ದೀತು. ನನಗೆ ಅದು ಮನೆಯ ವಾಸನೆ. ಗದಗದ ಕಡೆಯಿಂದ ಬಂದ ಅಪ್ಪ ಇಲ್ಲೇ ಒಂದು ಶೆಡ್ಡಿನಲ್ಲಿ ಫೈಬರ್ ನೀರಿನ ತೊಟ್ಟಿ ಮಾಡುತ್ತಿದ್ದ. ಹಿಂದಿನ ಎರಡು ಕೋಣೆಯೇ ಮನೆ. ಅವ್ವನ ರೊಟ್ಟಿಗೂ ನನ್ನ ಯೂನಿಫಾರ್ಮಿಗೂ ಅದೇ ಘಾಟು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಬ್ರೂಕ್‌ಫೀಲ್ಡಿನ ಸಾರ್ ಒಬ್ಬರು ಎರಡು ಪುಟ್ಟ ಹಾಯಿದೋಣಿ ತಂದಿಳಿಸಿದರು. ಕಾರವಾರದಿಂದ ಕರಾವಳಿಯ ಗುಂಟ ಗೆಳೆಯರ ಜೊತೆ ಹೋಗುವುದಿತ್ತಂತೆ. ಅಂಥ ದೋಣಿಯ ಪಕ್ಕಗಳಲ್ಲಿ ಬರೀ ಗಾಳಿ ಇರುವ ಮುಚ್ಚಿದ ಪೆಟ್ಟಿಗೆ ಇರುತ್ತದೆ. ಮಗುಚಿದರೂ ಮುಳುಗದಂತೆ ಹಿಡಿಯುವುದು ಅದೇ. ಅದರ ಬಿರುಕು ಮುಚ್ಚುವುದು ಅಪ್ಪನ ಕೆಲಸ.

ಅಪ್ಪನ ಪರೀಕ್ಷೆ ಎರಡು ಸುತ್ತಿನದು. ಬೆಳಿಗ್ಗೆ ಸೈಕಲ್ ಪಂಪಿನಿಂದ ಪೆಟ್ಟಿಗೆಗೆ ಗಾಳಿ ಹೊಡೆದು, ಸಂದುಗಳಿಗೆ ಸೋಪಿನ ನೀರು ಬಳಿದು, ಗುಳ್ಳೆ ಏಳುತ್ತದಾ ನೋಡುವುದು. ಮಧ್ಯಾಹ್ನ ಬಿಸಿಲಿಗಿಟ್ಟು, ಒಳಗಿನ ಗಾಳಿ ಕಾದು ಉಬ್ಬಿದಾಗ ಮತ್ತೆ ಬಳಿಯುವುದು. ಮೊದಲ ದೋಣಿ ಎರಡನ್ನೂ ಗೆದ್ದಿತು. ಎರಡನೆಯದರ ಹೊತ್ತಿಗೆ ಮೋಡ ಕವಿದು ಮೂರು ದಿನ ಬಿಸಿಲೇ ಇಲ್ಲ. ಅಪ್ಪ ಕೊಡಲು ಒಪ್ಪಲಿಲ್ಲ. ಲಾರಿ ನಿಂತಿತ್ತು, ಸಾರ್ ವಾಚು ನೋಡುತ್ತಿದ್ದರು. ಆ ವಾರವಷ್ಟೇ ಚರ್ಚಾಸ್ಪರ್ಧೆಯ ಕಪ್ ಗೆದ್ದಿದ್ದ ನಾನು ನಡುವೆ ಬಾಯಿ ಹಾಕಿದೆ. ಬೆಳಗಿನ ಸುತ್ತಿನಲ್ಲಿ ಗುಳ್ಳೆ ಬಂದಿಲ್ಲ, ಅಂದಮೇಲೆ ಸೋರುತ್ತದೆ ಅನ್ನೋದಕ್ಕೆ ಸಾಕ್ಷಿ ಏನು?

"ಸಾಕ್ಷಿ ಇಲ್ಲವ್ವಾ. ಬಿಸಲು ಬರ್ಲಿ, ನೋಡೂಣು."

"ಅಪ್ಪಾ, ನೀನು ಸಮುದ್ರಾನೇ ನೋಡಿಲ್ಲ."

ಸಾರ್ ನಕ್ಕು, ನಿಮ್ಮ ಮಗಳು ಲಾಯರ್ ಆಗ್ತಾಳೆ ಕಣ್ರೀ ಅಂದರು. ಲಾರಿಯವರೂ ನಕ್ಕರು. ಅಪ್ಪ ಬ್ರಷ್ಷನ್ನು ಬಕೆಟ್ಟಿಗೆ ಹಾಕಿ, ದೋಣಿ ಎತ್ತಲು ತಾನೇ ಭುಜ ಕೊಟ್ಟ.

ಹತ್ತು ದಿನಕ್ಕೆ ಸಾರ್ ವಾಪಸ್ ಬಂದರು. ಆ ದೋಣಿ ಮಗುಚಿ, ಪೆಟ್ಟಿಗೆಗೆ ನೀರು ತುಂಬಿ ಮುಳುಗಿತ್ತು. ಅದರಲ್ಲಿದ್ದ ಇಬ್ಬರನ್ನು ಮೀನುಗಾರರು ಮೇಲೆಳೆದುಕೊಂಡಿದ್ದರಿಂದ ಜೀವ ಉಳಿದಿತ್ತು. ಸಾರ್ ಕೂಗಾಡಲಿಲ್ಲ, ಈ ಕೆಲಸ ಬರಲ್ಲ ಅಂದ್ರೆ ಮೊದಲೇ ಹೇಳಬೇಕಿತ್ತು ಅಂದರು. ಬಾಗಿಲಲ್ಲಿದ್ದ ನನ್ನ ಕಡೆ ಅಪ್ಪ ತಿರುಗಲೂ ಇಲ್ಲ.

"ತಪ್ಪು ನಂದ ರೀ ಸಾರ್. ಬಿಸಲಿಗೆ ಕಾಯಬೇಕಿತ್ತು."

ಯಾವ ವಿಷಯ ಕೊಟ್ಟರೂ ನಾಲ್ಕು ನಿಮಿಷ ಮಾತಾಡಬಲ್ಲ ನಾನು ಬಾಯಿ ಬಿಡಲಿಲ್ಲ. ಅವಸರ ಮಾಡಿದ್ದು ನಾನು ಅಂತ ಆಮೇಲೂ ಹೇಳಲಿಲ್ಲ, ಅಪ್ಪ ತೀರಿಹೋಗುವವರೆಗೂ. ಶೆಡ್ಡಿದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟಿನ ಪಾರ್ಕಿಂಗ್. ಸಾಕ್ಷಿ ಕೇಳುವುದು ತಪ್ಪಲ್ಲ ಅಂತ ಇವತ್ತೂ ವಾದಿಸುತ್ತೇನೆ. ಆದರೆ ಅವತ್ತು ಸಾಕ್ಷಿಗೆ ಕಾಯುತ್ತಿದ್ದವನು ಅಪ್ಪ, ಬೇಡವೆಂದವಳು ನಾನು.

ಮೋಡ ಸರಿದದ್ದು ಲಾರಿ ಹೋದ ಮಾರನೆಯ ಮಧ್ಯಾಹ್ನ. ಅಪ್ಪ ಒದ್ದೆ ಬ್ರಷ್ ಹಿಡಿದು ಖಾಲಿ ಅಂಗಳದ ಬಿಸಿಲಲ್ಲಿ ಸುಮ್ಮನೆ ನಿಂತಿದ್ದ.