ಕಾಲರಮ್ಮನ ಮೆತ್ತೆ

ಆ ಹೊಲಿಗೆ ಕಾರ್ಖಾನೆಯ ಸ್ಟೂಲುಗಳೆಲ್ಲ ಕಬ್ಬಿಣದವು. ಹಾಗಾಗಿ ಕೆಲಸಕ್ಕೆ ಸೇರಿದ ಪ್ರತಿಯೊಬ್ಬಳೂ ಮೊದಲು ಚಿಂದಿ ತುಂಬಿ ತನಗೊಂದು ಮೆತ್ತೆ ಹೊಲಿದುಕೊಳ್ಳುತ್ತಿದ್ದಳು. ಮದುವೆಯಾಗಿಯೋ, ವಯಸ್ಸಾಗಿಯೋ, ಬೇರೆ ಕೆಲಸ ಸಿಕ್ಕಿಯೋ ತಾನಾಗಿ ಬಿಡುವವಳು ಅದನ್ನು ಕಂಕುಳಲ್ಲಿಟ್ಟುಕೊಂಡು ಹೋಗುತ್ತಿದ್ದಳು. ತೆಗೆದುಹಾಕಿದವಳನ್ನು ಮಾತ್ರ ಬೆಳಿಗ್ಗೆ ಕೆಲಸಕ್ಕೆ ಬಂದಾಗ ಗೇಟಿನಲ್ಲೇ ತಡೆಯುತ್ತಿದ್ದರು. ಅವಳ ಮೆತ್ತೆ ಒಳಗೇ ಉಳಿಯುತ್ತಿತ್ತು. ಅಂಥದ್ದರ ಮೇಲೆ ಯಾರೂ ಕೂರುತ್ತಿರಲಿಲ್ಲ.

ಮೂರನೇ ಸಾಲಿನ ಮೇಲ್ವಿಚಾರಕಿಯನ್ನು ಎಲ್ಲರೂ ಲೈನಕ್ಕ ಎನ್ನುತ್ತಿದ್ದರು. ಲಂಗ ಹಾಕುವ ವಯಸ್ಸಿನಲ್ಲಿ ಬಂದ ಅವಳಿಗೆ ಮೆಷಿನ್ ತುಳಿಯಲು ಕಲಿಸಿದವಳು ಕಾಲರಮ್ಮ. ಅಂಗಿಗೆ ಕಾಲರ್ ಕೂರಿಸುವುದರಲ್ಲಿ ಎತ್ತಿದ ಕೈ ಎಂದು ಆ ಹೆಸರು. ಲೈನಕ್ಕನಿಗೆ ಬಡ್ತಿ ಸಿಕ್ಕಿದ ದಿನ ಅವಳೇ ಚುಡಾಯಿಸಿದ್ದಳು: "ಇನ್ಮೇಲೆ ನಿಂಗೆ ಕೂರೋ ಯೋಗ ಇಲ್ಲ ಬಿಡು. ಮೆತ್ತೆ ಮನೆಗೆ ತಗೊಂಡ್ಹೋಗು, ಗಂಡನ ತಲೆಗಾದ್ರೂ ಆಗುತ್ತೆ."

ಆ ಗಂಡ ಈಗ ಸೊಂಟ ಮುರಿದುಕೊಂಡು ಮನೆ ಹಿಡಿದಿದ್ದ. ಅವನ ತಂಗಿಯೂ ಅದೇ ಸಾಲಿನಲ್ಲಿ ಗುಂಡಿ ಹಾಕುತ್ತಿದ್ದಳು. ಅತ್ತಿಗೆ, ನಾದಿನಿ ಇಬ್ಬರೂ ದುಡಿದರಷ್ಟೇ ಒಲೆ ಉರಿಯುತ್ತಿತ್ತು.

ಒಂದು ದಿನ ಮ್ಯಾನೇಜರ್ ಲೈನಕ್ಕನನ್ನು ಕರೆಸಿದ. "ಆರ್ಡರ್ ಇಲ್ಲ. ನಿಮ್ಮ ಸಾಲಿಂದ ಒಬ್ಬರನ್ನ ಇಸ್ತ್ರಿ ಕಡೆ ಹಾಕಿ."

"ಅಲ್ಲಿ ಆಗಲೇ ಜನ ಜಾಸ್ತಿ ಇದಾರಲ್ಲ ಸಾರ್."

"ನಾವು ತೆಗೆದ್ರೆ ರಗಳೆ. ಅವರಾಗೇ ಬಿಟ್ರೆ ಯಾರಿಗೂ ತೊಂದ್ರೆ ಇಲ್ಲ. ನಿಮ್ಮ ನಾದಿನಿನೇ ಕೊನೆಗೆ ಸೇರಿದ್ದಲ್ವಾ?"

ಇಸ್ತ್ರಿ ಕಡೆ ಸ್ಟೂಲು ಇರಲಿಲ್ಲ. ಇಡೀ ದಿನ ಹಬೆಯಲ್ಲಿ ನಿಂತೇ ಇರಬೇಕು.

"ಅವಳು ಬೇಡ ಸಾರ್," ಎಂದಳು ಲೈನಕ್ಕ. "ಕಾಲರಮ್ಮನ್ನ ಹಾಕಿ."

ಸುದ್ದಿ ತಿಳಿಸಿದಾಗ ಕಾಲರಮ್ಮ ಹೊಲಿಯುತ್ತಿದ್ದ ಕಾಲರನ್ನು ಮುಗಿಸಿಯೇ ತಲೆ ಎತ್ತಿದಳು. "ನನ್ನ ಮಂಡಿ ನೋವು ಗೊತ್ತಿದ್ದೂ ಹೇಳ್ತಿದೀಯ?"

"ಮೇಲಿಂದ ಬಂದಿದ್ದು. ಸ್ವಲ್ಪ ದಿನ ಅಷ್ಟೇ."

"ಮೇಲಿಂದ ಬಂದಿದ್ದಾ? ದೇವರಿಗೆ ಬೇರೆ ಕೆಲಸ ಇಲ್ಲ ಪಾಪ."

ಕಾಲರಮ್ಮ ಆ ವಾರ ಪೂರ್ತಿ ನಿಂತಳು. ಶನಿವಾರ ಗೋಡೆ ಹಿಡಿದುಕೊಂಡೇ ಆಫೀಸಿಗೆ ಹೋಗಿ, ಕೆಲಸ ಬಿಡುತ್ತೇನೆಂದು ಬರೆದುಕೊಟ್ಟಳು. ಗೇಟಿನವನು ಲೈನಕ್ಕನಿಗೆ ಹೇಳಿದ, "ಮೆತ್ತೆ ಮರ್ತಿದೀಯ, ತಗೊಂಡ್ಬಾಮ್ಮ ಅಂದೆ. ಅಲ್ಲೇ ಇರ್ಲಿ ಅಂದ್ಲು." ಇಡೀ ಸಾಲಿಗೆ ಅರ್ಥವಾಗಲು ಅಷ್ಟು ಸಾಕಾಯಿತು.

ಆ ಭಾನುವಾರ ಮನೆಯ ಹಗ್ಗದ ಮೇಲೆ ನಾದಿನಿಯ ಮೆತ್ತೆ ಒಣಗುತ್ತಿತ್ತು. ಒಗೆಯಲು ತಂದಿರಬೇಕು ಎಂದುಕೊಂಡ ಲೈನಕ್ಕ ಅದನ್ನು ಬಿಸಿಲಿಗೆ ಮಗುಚಿಯೂ ಹಾಕಿದಳು.

ಸೋಮವಾರ ಬೆಳಿಗ್ಗೆ ಕಾರ್ಖಾನೆಯ ತಿರುವಿನಲ್ಲಿ ನಾದಿನಿ ನಿಂತಳು. "ಅತ್ತಿಗೆ, ನಾನು ಆ ಕಡೆ. ಬ್ಯಾಗ್ ಕಂಪನೀಲಿ ಕೆಲಸ ಆಗಿದೆ." ಚೀಲದಿಂದ ಮೆತ್ತೆ ಇಣುಕುತ್ತಿತ್ತು.

"ಯಾವಾಗಿಂದ ಗೊತ್ತು ನಿಂಗೆ?"

"ತಿಂಗಳಾಯ್ತು. ಮೊದ್ಲೇ ಹೇಳಿದ್ರೆ ನೀವು ಬಿಡ್ತಿದ್ರಾ?"

ಲೈನಕ್ಕ ಚಪ್ಪಲಿಯನ್ನೂ ಬಿಡದೆ ಮ್ಯಾನೇಜರನ ಮುಂದೆ ನಿಂತಳು. "ನಾದಿನಿ ಹೋದ್ಲು ಸಾರ್. ಕಾಲರಮ್ಮನ್ನ ವಾಪಸ್ ಕರೀಲಾ?"

"ಒಬ್ಬರು ಹೋಗ್ಲಿ ಅಂದ್ವಿ, ಇಬ್ಬರು ಹೋದ್ರು. ಒಳ್ಳೇದೇ ಆಯ್ತು. ತಾವಾಗೇ ಬಿಟ್ಟೋರನ್ನ ನಾವು ಕರೆಯಲ್ಲ."

ಸಂಜೆ ಲೈನಕ್ಕ ಕಾಲರಮ್ಮನ ಮೆತ್ತೆಯನ್ನು ಕಂಕುಳಲ್ಲಿಟ್ಟುಕೊಂಡು ಅವಳ ಮನೆಗೆ ಹೋದಳು. ಮಂಡಿಗೆ ಬಿಸಿನೀರಿನ ಬಟ್ಟೆ ಸುತ್ತಿಕೊಂಡು ಕೂತಿದ್ದ ಕಾಲರಮ್ಮ ಮುಖ ನೋಡಲಿಲ್ಲ, ಮೆತ್ತೆ ನೋಡಿದಳು.

"ಅದನ್ನ ಯಾಕೆ ತಂದೆ? ನಾನಾಗೇ ಬಿಟ್ಟೆ ಅಂತ ಮಾಡೋಕಾ?"

"ಇಲ್ಲಮ್ಮ, ನಾನು..."

"ತಗೊಂಡ್ಹೋಗು. ಎಲ್ಲಿತ್ತೋ ಅಲ್ಲೇ ಇಡು."

ಮರುದಿನ ಲೈನಕ್ಕ ಮೆತ್ತೆ ಹಿಡಿದು ಗೇಟು ದಾಟಿದಳು. ಕೆಲಸ ಬಿಟ್ಟವಳ ಮೆತ್ತೆ ಹಾಗೆ ಮತ್ತೆ ಒಳಗೆ ಬಂದದ್ದನ್ನು ಗೇಟಿನವನು ಹಿಂದೆಂದೂ ಕಂಡಿರಲಿಲ್ಲ. ಅವಳು ಅದನ್ನು ಕಾಲರಮ್ಮನ ಸ್ಟೂಲಿನ ಮೇಲಿಟ್ಟಳು. ಸಾಲಿನವರು ಒಂದು ಗಳಿಗೆ ನೋಡಿ, ಮೆಷಿನ್ ತುಳಿಯತೊಡಗಿದರು.